ಎಲೆ ನೋಡದೆ ಕರೆದ ಊಟ

“ಅವರೆಕಾಯಿ, ಅವರೆಕಾಯಿ, ಸೊನೆ ಅವರೆಕಾಯಿ! ಬನ್ನಿ ಅಕ್ಕ, ಬನ್ನಿ ಅಮ್ಮ, ಮುಟ್ಟಿ ನೋಡಿ ತಗೊಳ್ಳಿ!”

ಶ್ರೀರಾಂಪುರದ ಆ ಅಡ್ಡರಸ್ತೆಯಲ್ಲಿ ಚಳಿಗಾಲದ ಭಾನುವಾರಗಳಂದು ಬೆಳಗು ಮಾಡುವ ಗುತ್ತಿಗೆಯನ್ನು ಸೂರ್ಯ ಈ ಟೆಂಪೋದ ಮೈಕಿಗೆ ವಹಿಸಿಬಿಟ್ಟಿದ್ದಾನೆ. ಮೊದಲೇ ರೆಕಾರ್ಡು ಮಾಡಿಟ್ಟ ಕೂಗು. ‘ಸೊನೆ’ ಎನ್ನುವಲ್ಲಿ ಪ್ರತಿಸಲವೂ ಗಂಟಲು ಒಡೆಯುತ್ತದೆ, ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಅದು ಮೂಲೆಯ ಮನೆ ದಾಟಿ ಪಾರ್ಕಿನ ಕಡೆ ತಿರುಗುವ ಹೊತ್ತಿಗೆ ನಾಗೇಂದ್ರ ಕಾಫಿ ಲೋಟವನ್ನು ಟಣ್ಣನೆ ನೆಲಕ್ಕಿಟ್ಟು ಘೋಷಿಸಿದ:

“ಧರಣೀ! ಇವತ್ತಿನಿಂದ ನನ್ನ ಮುಖ ಓದೋಕೆ ಈ ಮೈಸೂರಲ್ಲಿ ಯಾರಿಂದ್ಲೂ ಆಗಲ್ಲ!”

ಧರಣಿ ರಾತ್ರಿಯೇ ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ತಂದು ಹಾಲಿನ ನಡುವೆ ಇಟ್ಟಳು. “ಮೊದ್ಲು ತೊಳ್ಕೊಂಡು ಬನ್ನಿ. ಕಾಫಿ ಮೀಸೆ ಹಂಗೇ ಇದೆ. ಕನ್ನಡಕ ಇಲ್ದೆ ಓದ್ಬೋದು.”

ನಾಗೇಂದ್ರ ಖಾಸಗಿ ಪಾಲಿಟೆಕ್ನಿಕ್ಕೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಸಜ್ಜನ, ಆದರೆ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಎಂಥ ಕೆಂಪು ಅಂತೀರಿ! ಹಿಂದೆ ಬರುವ ಗಾಡಿಗಳು ಸಿಗ್ನಲ್ ಎಂದುಕೊಂಡು ಬ್ರೇಕು ಹಾಕುವಂಥ ಕೆಂಪು. ಹೋದ ವರ್ಷ ಮಿಕ್ಸಿ ಜಾರು ಒಡೆದು “ಬೆಕ್ಕು ಕಣೇ” ಎಂದಾಗ ಧರಣಿ ಜಾರಿನ ಕಡೆ ತಿರುಗಿಯೂ ನೋಡಲಿಲ್ಲ. ಕಿವಿ ನೋಡಿ, “ಹೊಸದು ತಂದ್ಕೊಡೋಕೆ ಬೆಕ್ಕಿಗೆ ಹೇಳಿ” ಎಂದಿದ್ದಳು.

ಈ ಕಾಯಿಲೆಗೆ ಮದ್ದು ಕೊಟ್ಟವನು ಸಹೋದ್ಯೋಗಿ ಸಿದ್ದೇಶ. ಊಟದ ಬಿಡುವಿನಲ್ಲಿ ಬೆಂಕಿಕಡ್ಡಿಗಳನ್ನು ಪಣವಾಗಿಟ್ಟು ಪೋಕರ್ ಎಂಬ ಇಸ್ಪೀಟಾಟ ಕಲಿಸಿದ್ದ. ಹತ್ತು ದಿನದಲ್ಲಿ ನಾಗೇಂದ್ರ ಮೂರು ಬೆಂಕಿಪೊಟ್ಟಣ ಸೋತಿದ್ದ. ಸಿದ್ಧಾಂತವನ್ನು ಮಾತ್ರ ಪೂರ್ತಿ ಗೆದ್ದುಕೊಂಡು ಬಂದಿದ್ದ. ಆ ಸಿದ್ಧಾಂತವನ್ನು ಈಗ ಮನೆಯವರಿಗೆಲ್ಲ ಧಾರೆ ಎರೆಯುವವನಿದ್ದ.

ಮನೆಯವರೆಂದರೆ ಇನ್ನಿಬ್ಬರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಅಪ್ಪ ಸಣ್ಣಮಾದಯ್ಯ. ಯಾವುದರಿಂದಲೂ ನಿವೃತ್ತರಾಗದ ಅವ್ವ ತಿಮ್ಮಮ್ಮ. ನಾಲ್ವರೂ ಪಾತ್ರೆಯ ಸುತ್ತ ಕೂತರು. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಹಿತಕಿದರೆ ‘ಪುಚಕ್’ ಎಂದು ಸಿಪ್ಪೆ ಬಿಟ್ಟು ಬೇಳೆ ಹಾರುತ್ತದೆ. ಯಾರು ಎಷ್ಟು ಹಿತಕುತ್ತಾರೋ ಅಷ್ಟು ಅವರ ಬಂಡವಾಳ! ಆಟವೂ ಆಯಿತು, ಮಧ್ಯಾಹ್ನದ ಸಾರಿಗೆ ಬೇಳೆಯೂ ಆಯಿತು. ಈ ಯೋಜನೆಯ ಜಾಣತನಕ್ಕೆ ನಾಗೇಂದ್ರ ತಾನೇ ತಲೆದೂಗಿದ.

“ನೋಡಿ, ಒಬ್ಬೊಬ್ಬರಿಗೂ ಐದೈದು ಎಲೆ. ನೋಡ್ಕೊಂಡು, ಸರದಿ ಪ್ರಕಾರ ಬೇಳೆ ಇಡ್ಬೇಕು. ಒಬ್ರು ಜಾಸ್ತಿ ಇಟ್ರೆ ಮಿಕ್ಕೋರೂ ಅಷ್ಟೇ ಇಡ್ಬೇಕು, ಇಲ್ಲ ಎಲೆ ಕೆಳಗಿಟ್ಟು ಸುಮ್ನಾಗ್ಬೇಕು. ಒಬ್ರನ್ನ ಬಿಟ್ಟು ಎಲ್ರೂ ಕೆಳಗಿಟ್ಬಿಟ್ರೆ, ಉಳಿದೋರು ಎಲೆ ತೋರಿಸ್ದೇನೇ ಎಲ್ಲಾ ಬಾಚ್ಕೊಬೋದು. ಇಲ್ಲೇ ಬರೋದು ಬ್ಲಫ್! ಕೈಯಲ್ಲಿ ಏನೂ ಇಲ್ಲದೆ, ಎಲ್ಲಾ ಇರೋನ ಥರ ಪಣ ಏರಿಸ್ಬೇಕು. ಎದುರಿನೋನು ಒಳ್ಳೇ ಎಲೆ ಇಟ್ಕೊಂಡೂ ಹೆದರಿ ಕೆಳಗಿಡ್ಬೇಕು.”

“ಅಂದ್ರೆ ಸುಳ್ಳು,” ಎಂದಳು ಧರಣಿ.

“ಸುಳ್ಳಲ್ಲ ಕಣೇ! ಬಾಯಲ್ಲಿ ಹೇಳಿದ್ರೆ ಸುಳ್ಳು. ಇದರಲ್ಲಿ ಬಾಯೇ ಬಿಡೋ ಹಾಗಿಲ್ಲ.”

“ಬಾಯಿ ಬುಡ್ದೆ ಹೇಳೋ ಸುಳ್ಳಾ?” ತಿಮ್ಮಮ್ಮನ ಬೆರಳು ನಿಲ್ಲಲಿಲ್ಲ, ಪುಚಕ್, ಪುಚಕ್. “ನಿಮ್ಮಪ್ಪ ಹೆಣ್ಣು ನೋಡಕ್ಕೆ ಬಂದಾಗ ಮೀಸೆ ತಿರುವ್ಕೊಂಡು ಕುಂತಿದ್ರಲ್ಲ, ಅಂಗಾ? ನಮ್ಮಪ್ಪ ಎರಡೆಕರೆ ಇರ್ಬೇಕು ಅಂದ್ಕೊಂಡು ಒಪ್ಬುಟ್ಟ.”

“ನಾನೇನಾರ ಎಕರೆ ಅಂದ್ನಾ?” ಎಂದರು ಸಣ್ಣಮಾದಯ್ಯ.

“ನೀವ್ ಅನ್ನಲಿಲ್ಲ. ಮೀಸೆ ಅಂತು.”

“ಅದೇ! ಅದೇ ಬ್ಲಫ್ಫು!” ನಾಗೇಂದ್ರ ತೊಡೆ ತಟ್ಟಿದ. “ಮುಖ್ಯವಾಗಿ ಮುಖದಲ್ಲಿ ಏನೂ ಕಾಣಬಾರದು.” ಗೋಡೆಯ ಮೇಲಿನ ಬುದ್ಧನ ಫೋಟೊ ತೋರಿಸಿದ. “ಹಿಂಗಿರ್ಬೇಕು ನೋಡಿ ಮುಖ.”

ಸಣ್ಣಮಾದಯ್ಯ ಕನ್ನಡಕದ ಮೇಲಿಂದ ಮಗನನ್ನು ನೋಡಿದರು. “ಆ ಮಹಾನುಭಾವ ಕೈಲಿದ್ದ ರಾಜ್ಯಾನೇ ಕೆಳಗಿಟ್ಟು ಎದ್ದೋದೋನು ಕಣೋ. ನೀನು ಇಲ್ಲದ್ದನ್ನ ಇದೆ ಅಂತ ತೋರ್ಸೋಕೆ ಅವನ ಮುಖ ಸಾಲ ಕೇಳ್ತಿದ್ದೀಯ!”

ಆಟ ಶುರುವಾಯಿತು. ಮೊದಲ ಸುತ್ತಿನಲ್ಲಿ ನಾಗೇಂದ್ರನ ಕೈಗೆ ಒಂದು ಜೋಡಿಯೂ ಬಾರದ ಐದು ಅನಾಥ ಎಲೆಗಳು ಬಂದವು. ಇದಲ್ಲವೇ ಅವಕಾಶ! ಮುಖವನ್ನು ಕಲ್ಲು ಮಾಡಿಕೊಂಡು ಒಂದು ಹಿಡಿ ಬೇಳೆ ಮುಂದಕ್ಕೆ ತಳ್ಳಿದ.

“ಕಿವಿ,” ಎಂದಳು ಧರಣಿ. ಅಷ್ಟೇ ಬೇಳೆ ಇಟ್ಟು, ಎಂಟರ ಜೋಡಿ ತೋರಿಸಿ, ರಾಶಿಯನ್ನು ತನ್ನ ಕಡೆ ಎಳೆದುಕೊಂಡಳು.

ಎರಡನೇ ಸುತ್ತಿಗೆ ನಾಗೇಂದ್ರ ಎದ್ದುಹೋಗಿ ಅಪ್ಪನ ಮಂಕಿ ಟೋಪಿ ಹಾಕಿಕೊಂಡು ಬಂದ. ಕಿವಿ ಮುಚ್ಚಿತು. ಬೆವರು ಶುರುವಾಯಿತು. ಧರಣಿ ಈಗ ಬೆವರು ನೋಡಿ ಗೆದ್ದಳು.

ಕೊನೆಯ ಸುತ್ತಿನಲ್ಲಿ ಅವನಿಗೆ ನಿಜವಾಗಿಯೂ ಎರಡು ರಾಣಿಗಳು ಬಂದರು. ಗೆಲ್ಲಲೇಬೇಕು! ಅಷ್ಟರಲ್ಲಿ ತಿಮ್ಮಮ್ಮ ತಾವು ಹಿತಕಿದ್ದಷ್ಟನ್ನೂ, ಅಂದರೆ ಉಳಿದ ಮೂವರೂ ಸೇರಿ ಹಿತಕಿದ್ದರ ಎರಡರಷ್ಟನ್ನು, ಎರಡೂ ಕೈಯಲ್ಲಿ ಮುಂದಕ್ಕೆ ನೂಕಿದರು. ಅವರ ಮುಖ! ಅದರಲ್ಲಿ ಭಯವಿಲ್ಲ, ಆಸೆಯಿಲ್ಲ, ರಾಣಿಯಿಲ್ಲ, ಗುಲಾಮನಿಲ್ಲ. ಸಂಜೆಯ ಹೊತ್ತಿನ ಕುಕ್ಕರಹಳ್ಳಿ ಕೆರೆಯಂಥ ಮುಖ. ಸಣ್ಣಮಾದಯ್ಯ ಎಲೆ ಕೆಳಗಿಟ್ಟರು. ಧರಣಿ ಇಟ್ಟಳು. ನಾಗೇಂದ್ರ ಎರಡು ನಿಮಿಷ ಒದ್ದಾಡಿ ರಾಣಿಯರನ್ನು ಬೀಳ್ಕೊಟ್ಟ.

“ಏನಿತ್ತು ಅವ್ವ?”

“ಯಾರಿಗ್ಗೊತ್ತು. ನಾನೆಲ್ಲಿ ನೋಡ್ದೆ?”

ತಿರುಗಿಸಿ ನೋಡಿದರೆ ಎರಡು, ಐದು, ಏಳು, ಒಂಬತ್ತು, ಹತ್ತು. ಕೆಲಸಕ್ಕೆ ಬಾರದವು!

“ನೋಡ್ಲೇ ಇಲ್ವಾ?!”

“ನೋಡಿದ್ರೆ ಮುಖದಲ್ಲಿ ಗೊತ್ತಾಯ್ತದೆ ಅಂದಲ್ಲೋ. ಅದ್ಕೇ ನೋಡ್ಲಿಲ್ಲ.”

“ಇದು ಬ್ಲಫ್ಫೇ ಅಲ್ಲ! ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದು ಏರಿಸಿದ್ರೆ ಮಾತ್ರ ಬ್ಲಫ್ಫು. ಗೊತ್ತಿಲ್ದೆ ಏರಿಸಿದ್ರೆ ಅದು… ಅದು…”

“ಅದು ಗೆಲುವು,” ಎಂದು ತಿಮ್ಮಮ್ಮ ಬೇಳೆಯನ್ನೆಲ್ಲ ಸ್ಟೀಲು ಡಬ್ಬಿಗೆ ಬಾಚತೊಡಗಿದರು.

ಧರಣಿ ಎಲೆಗಳನ್ನು ಜೋಡಿಸುತ್ತಿದ್ದಳು. ಜೋಡಿಸುತ್ತಲೇ, ತಲೆ ಎತ್ತದೆ ಕೇಳಿದಳು: “ಹಾಗಾದ್ರೆ ರೀ, ಮೇಲ್ಗಡೆ ಓನರ್ರು ‘ಊಟ ಆಯ್ತು’ ಅಂತಾರಲ್ಲ, ಅದು ಬ್ಲಫ್ಫಾ?”

ತಿಮ್ಮಮ್ಮ ಬಾಚುತ್ತಿದ್ದ ಬೇಳೆ ಬಿಟ್ಟು ಸೊಸೆಯ ಕಡೆ ತಿರುಗಿದರು.

ಓನರ್ರು ಎಂದರೆ ಕೆಂಪಯ್ಯನವರು. ಮಹಡಿಯ ಮೇಲೆ ಹೆಂಡತಿ ಪುಟ್ಟತಾಯಮ್ಮನವರೊಂದಿಗೆ ಇರುವವರು, ಕೃಷಿ ಇಲಾಖೆಯಿಂದ ನಿವೃತ್ತರು. ಆರು ವರ್ಷದ ಹಿಂದೆ ನಾಗೇಂದ್ರ ಬಾಡಿಗೆ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆಯುವಾಗ, ಉಳಿದವರಂತೆ ‘ನೀವು ಯಾವ ಪೈಕಿ?’ ಎಂದು ಕೇಳದೆ ಬೀಗದ ಕೈ ಕೊಟ್ಟಿದ್ದರು. ಒಳ್ಳೆಯವರು. ಆದರೆ ಈ ಆರು ವರ್ಷದಲ್ಲಿ ಕೆಳಮನೆಯ ಒಂದು ತುತ್ತು, ಒಂದು ಲೋಟ ಕಾಫಿ ಅವರ ಗಂಟಲಿಗೆ ಇಳಿದಿಲ್ಲ. ಬೋರಿನ ಮೋಟಾರು ಆರಿಸುವ ಸ್ವಿಚ್ಚು ಇರುವುದು ಇವರ ವರಾಂಡದಲ್ಲಿ. ಪ್ರತಿ ಭಾನುವಾರ ಹನ್ನೆರಡಕ್ಕೆ ಅವರು ಇಳಿದು ಬರುತ್ತಾರೆ. “ಬನ್ನಿ, ಊಟ ಮಾಡಿ” ಎಂದು ಇವರು ಕರೆಯುತ್ತಾರೆ. “ಈಗ ತಾನೇ ಆಯ್ತು” ಎಂದು ಅವರು ಹೊಟ್ಟೆ ಸವರಿಕೊಂಡು ಹತ್ತಿ ಹೋಗುತ್ತಾರೆ. ಅದು ನಿಜವಾದ ‘ಆಯ್ತೋ’, ಅಥವಾ ಇಂಥವರ ಮನೆಯಲ್ಲಿ ಬೇಡ ಎನ್ನುವ ‘ಆಯ್ತೋ’? ಆರು ವರ್ಷದಿಂದ ಈ ಮನೆಯಲ್ಲಿ ಎಲ್ಲರಿಗೂ ಇದ್ದ, ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ.

“ಇವತ್ತು ಕಂಡುಹಿಡಿದೇ ಬಿಡ್ತೀನಿ!” ನಾಗೇಂದ್ರ ಎದ್ದು ನಿಂತ. “ಅವರು ‘ಆಯ್ತು’ ಅಂದ್ರೆ ನಾನು ಏರಿಸ್ತೀನಿ. ಮತ್ತೆ ಅಂದ್ರೆ ಮತ್ತೂ ಏರಿಸ್ತೀನಿ. ಎಲೆ ತೋರಿಸಲೇಬೇಕು!”

“ಬ್ಯಾಡ,” ಎಂದರು ಸಣ್ಣಮಾದಯ್ಯ. “ಒಂದ್ಸಲ ಕರೀಬೇಕು. ಇಲ್ಲ ಅಂದ್ರೆ ಬುಟ್ಬುಡ್ಬೇಕು. ಎರಡನೇ ಸಲ ಕರೆದ್ರೆ ಅವ್ರು ಕಾರಣ ಹುಡುಕ್ಬೇಕಾಯ್ತದೆ. ಆ ಕಾರಣ ನಾವು ಕೇಳಿಸ್ಕೋಬಾರ್ದು.”

ಆ ಮಾತಿನ ಹಿಂದೆ ಊರಿನ ಎಷ್ಟೋ ಬಾಗಿಲುಗಳು ಮುಚ್ಚಿಕೊಂಡ ಸದ್ದಿತ್ತು. ನಾಗೇಂದ್ರನಿಗೂ ಅದು ಕೇಳಿಸಿತು. ಆದರೆ ಸಿದ್ಧಾಂತದ ಅಮಲೇರಿದವನಿಗೆ ಸದ್ದು ಎಷ್ಟು ಹೊತ್ತು ನೆನಪಿರುತ್ತದೆ? ಹೊರಗೆ ಹೋಗಿ, ಸ್ಕೂಟರಿನ ಕನ್ನಡಿ ತಿರುಗಿಸಿಕೊಂಡು ಮುಖದ ಅಭ್ಯಾಸಕ್ಕೆ ಕೂತ.

ಅಲ್ಲಿ ಕೂತದ್ದರಿಂದಲೇ ಒಳಗಿನ ಈ ಮಾತುಕತೆ ಅವನ ಕಿವಿಗೆ ಬೀಳಲಿಲ್ಲ:

“ಅತ್ತೆ, ಬೇಳೆ ಕೊಡಿ, ಸಾರಿಗೆ ಹೊತ್ತಾಯ್ತು.”

“ಗೆದ್ದಿದ್ದು ನಾನು. ಸಂಜೆ ದಟ್ಟಗಳ್ಳಿಗೆ ಹೋಗಿ ನನ್ ಮಗಳು ಕೀರ್ತಿಗೆ ಕೊಟ್ಬತ್ತೀನಿ.”

“ಅಷ್ಟೂನಾ! ಮಧ್ಯಾಹ್ನಕ್ಕೆ ನಾವೇನು ಉಣ್ಣೋದು?”

“ನಿನ್ ಗಂಡನ್ನ ಕೇಳು. ಬೇಳೆ ಪಣ ಇಡ್ಸಿದ್ದು ಅವ್ನು.”

ಧರಣಿ ಸೊಂಟದ ಮೇಲೆ ಕೈಯಿಟ್ಟಳು, ಯೋಚಿಸಿದಳು, ಇಳಿಸಿದಳು. “ಸರಿ. ಹಾಗಾದ್ರೆ ಅನ್ನ, ಮೊಸರು, ಉಪ್ಪಿನಕಾಯಿ. ಪೋಕರ್ ಆಡೋರ ಮನೆ ಊಟ.”

ಹನ್ನೆರಡಕ್ಕೆ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಾಗೇಂದ್ರ ಗೌರವದಿಂದ ಎದ್ದು, ಗೌರವದಿಂದಲೇ ಮಂಕಿ ಟೋಪಿ ತೆಗೆದ. ಮಾಡಿದ ತಪ್ಪುಗಳಲ್ಲಿ ಇದು ಮೊದಲನೆಯದು.

“ನಮಸ್ಕಾರ ಸಾರ್. ಬನ್ನಿ, ಊಟ ಮಾಡಿ.”

“ಈಗ ತಾನೇ ಆಯ್ತು ಕಣಪ್ಪ,” ಎಂದು ಕೆಂಪಯ್ಯನವರು ಸ್ವಿಚ್ಚಿನ ಕಡೆ ಕೈ ಚಾಚಿದರು.

ಇಷ್ಟಕ್ಕೇ ಆರು ವರ್ಷ ಆಟ ಮುಗಿಯುತ್ತಿತ್ತು. ಇವತ್ತು ಮುಗಿಯಲಿಲ್ಲ.

“ಇಷ್ಟೊತ್ತಿಗೇನಾ ಸಾರ್? ಹಿತಕಿದ ಬೇಳೆ ಸಾರು! ಬಿಸಿ ಮುದ್ದೆ!”

ಕೆಂಪಯ್ಯನವರ ಕೈ ಸ್ವಿಚ್ಚಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. “ಬ್ಯಾಡ ಬುಡಪ್ಪ. ನಿಮಗ್ಯಾಕೆ ತೊಂದ್ರೆ.”

ಒಳಗಿನಿಂದ ಸಣ್ಣಮಾದಯ್ಯನವರ ಕೆಮ್ಮು ಕೇಳಿಸಿತು. ಸಾಕು, ಕೆಳಗಿಡು ಎನ್ನುವ ಕೆಮ್ಮು. ಆದರೆ ನಾಗೇಂದ್ರನಿಗೆ ಅವ್ವನ ಎರಡೂ ಕೈ ಬೇಳೆ ನೆನಪಾಯಿತು. ಇದ್ದಬದ್ದದ್ದನ್ನೆಲ್ಲ, ಇಲ್ಲದ್ದನ್ನೂ ಸೇರಿಸಿ, ಮುಂದಕ್ಕೆ ನೂಕಿಬಿಟ್ಟ:

“ತೊಂದರೆ ಏನ್ ಸಾರ್! ನಾಟಿ ಕೋಳಿ ಬೇರೆ ಮಾಡಿದ್ದೀವಿ! ನೀವು ಉಣ್ಣದೆ ಹೋದ್ರೆ ನಾನು ಇಲ್ಲಿಂದ ಏಳಲ್ಲ!”

ಕೆಂಪಯ್ಯನವರು ನಾಗೇಂದ್ರನ ಮುಖ ನೋಡಿದರು. ಎಡಗಿವಿ ನೋಡಿದರು. ಬಲಗಿವಿ ನೋಡಿದರು. ಆಮೇಲೆ ನಿಧಾನವಾಗಿ ಚಪ್ಪಲಿ ಬಿಟ್ಟರು.

“ಮೂರ್ ಸಲ ಕರೆದ್ಮೇಲೂ ಇಲ್ಲ ಅನ್ನೋದು ತಪ್ಪಾಯ್ತದೆ. ನಡಿ.”

ಒಳಗೆ ಬಂದು ಬುದ್ಧನ ಫೋಟೊದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತೇ ಬಿಟ್ಟರು! ಸಣ್ಣಮಾದಯ್ಯ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು. ನಾಗೇಂದ್ರ ವಿಜಯೋತ್ಸಾಹದಲ್ಲಿ ಅಡುಗೆಮನೆಗೆ ಹಾರಿದ.

“ಧರಣೀ, ಗೆದ್ವಿ! ಬಡಿಸು!”

“ಏನನ್ನ?”

“ಬೇಳೆ ಸಾರು, ಮುದ್ದೆ!”

ಧರಣಿ ಸುಮ್ಮನೆ ಒಲೆಯ ಮೇಲಿನ ಏಕೈಕ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಅನ್ನ. ಬಿಳಿ ಅನ್ನ. ಮುಖದ ಮೇಲೆ ಯಾವ ಭಾವವೂ ಇಲ್ಲದ ಅನ್ನ.

“ಬೇಳೆ ಎಲ್ಲಿ?”

ತಿಮ್ಮಮ್ಮ ಡಬ್ಬಿಯನ್ನು ಮಡಿಲಲ್ಲಿ ಅಪ್ಪಿಕೊಂಡಿದ್ದರು. “ನಂದು.”

“ಅವ್ವ! ಕರೆದ್ಬಿಟ್ಟಿದ್ದೀನಿ!”

“ಪಾತ್ರೆ ನೋಡ್ದೆ ಕರೆದ್ಯಾ?” ತಿಮ್ಮಮ್ಮ ಹುಬ್ಬೇರಿಸಿದರು. “ನೋಡ್ದೆ ಏರ್ಸೋದು ಬ್ಲಫ್ಫಲ್ಲ ಅಂದೆ ಆಗ್ಲೇ? ಈಗೇನಂತೀಯ ಇದ್ನ?”

“ಈಗ ಪಣಕ್ಕಿರೋದು ಮಾನ ಕಣವ್ವ, ಕೊಡು!”

“ಕೀರ್ತಿಗೆ?”

ಅಷ್ಟರಲ್ಲಿ ಸಣ್ಣಮಾದಯ್ಯ ಅಡುಗೆಮನೆ ಬಾಗಿಲಿಗೆ ಬಂದರು. ದನಿ ಏರಿಸಲಿಲ್ಲ. “ತಿಮ್ಮಿ. ಇನ್ನೊಬ್ರ ಬಾಯಲ್ಲಿ ‘ಇಲ್ಲ’ ಅನ್ನಿಸ್ಕೊಂಡು ನಮಗೆ ಅಭ್ಯಾಸ ಐತೆ. ಕರೆದು ಕೂರ್ಸಿ ನಾವು ‘ಇಲ್ಲ’ ಅಂದು ಅಭ್ಯಾಸ ಇಲ್ಲ.”

ತಿಮ್ಮಮ್ಮ ಡಬ್ಬಿಯನ್ನು ಕುಕ್ಕರಿಗೆ ಬಗ್ಗಿಸಿದರು. ಗೆದ್ದ ಬೇಳೆ ದಬದಬನೆ ಬಿತ್ತು. “ನಾಳೆ ನಾಲ್ಕು ಕೇಜಿ ತಂದು ಒಬ್ನೇ ಹಿತಕ್ಬೇಕು ನೀನು,” ಎಂದಷ್ಟೇ ಮಗನಿಗೆ ಹೇಳಿ ಕಾಯಿ ತುರಿಯಲು ಕೂತರು. ಧರಣಿ ಮುದ್ದೆಗೆ ಎಸರಿಟ್ಟಳು.

ಇನ್ನು ಮುಕ್ಕಾಲು ಗಂಟೆ ಅತಿಥಿಯನ್ನು ಮಾತಿನಲ್ಲಿ ಕಟ್ಟಿಹಾಕಬೇಕು! ನಾಗೇಂದ್ರ ಹವಾಮಾನ ಮಾತಾಡಿದ. ರಿಂಗ್ ರಸ್ತೆಯ ಗುಂಡಿ ಮಾತಾಡಿದ. ಯಾರೂ ಕೇಳದಿದ್ದರೂ ಲ್ಯಾಬಿನ ಲೇಥ್ ಯಂತ್ರದ ಒಂದೊಂದು ಭಾಗವನ್ನೂ ಬಣ್ಣಿಸಿದ. ಅವನು ಲೋಹ ಹಿಡಿದು ತಿರುಗಿಸುವ ಚಕ್ಕಿನವರೆಗೆ ಬರುವಾಗ ಕಿಟಕಿಯ ಹೊರಗೆ ಜೋರುಮಳೆ ಸುರಿಯತೊಡಗಿತು.

“ಜನವರೀಲಿ ಮಳೆ!” ಎಂದ ನಾಗೇಂದ್ರ, ಹೊಸ ವಿಷಯ ಸಿಕ್ಕ ಸಂತೋಷಕ್ಕೆ.

“ಮಳೆ ಅಲ್ಲ ಕಣಪ್ಪ, ಮೋಟ್ರು! ಆರಿಸ್ದೇ ಬಂದ್ಬುಟ್ಟೆ!”

ಟ್ಯಾಂಕು ತುಂಬಿ, ಮಹಡಿಯಿಂದ ಧಾರಾಕಾರವಾಗಿ ಇಳಿದು, ನಾಗೇಂದ್ರನ ಸ್ಕೂಟರಿಗೆ ಮಜ್ಜನ ಮಾಡಿಸುತ್ತಿತ್ತು. ಅದರ ಹಿಂದೆಯೇ ಪುಟ್ಟತಾಯಮ್ಮನವರು ಸೀರೆ ಎತ್ತಿಕೊಂಡು ಇಳಿದು ಬಂದು ಸ್ವಿಚ್ಚು ಆರಿಸಿದರು. “ನೀರು ಬಟ್ಟೆ ಮೇಲೆಲ್ಲ ಹರೀತಾ ಐತೆ, ಇಲ್ಲಿ ಬಂದು ಸಿಂಹಾಸನ ಹಾಕ್ಕೊಂಡು ಕುಂತವ್ರೆ ನೋಡು!” ಎಂದು ಬಾಗಿಲಲ್ಲಿ ನಿಂತವರು, ಗಂಡನ ಮುಂದಿನ ತಟ್ಟೆ ನೋಡಿದರು. ಆಮೇಲೆ, “ತಡೀರಿ, ತುಪ್ಪ ತತ್ತೀನಿ” ಎಂದು ಮತ್ತೆ ಹತ್ತಿದರು.

ಕೊನೆಗೂ ಊಟಕ್ಕೆ ಕೂತರು. ಹಿತಕಿದ ಬೇಳೆಯ ಸಾರಿನ ಘಮ ಹಾಲು ತುಂಬಿತು. ಕೆಂಪಯ್ಯನವರು ಮುದ್ದೆ ಮುರಿದು, ಅದ್ದಿ, ನುಂಗಿ, ಕಣ್ಣು ಮುಚ್ಚಿದರು.

“ಒಲೆ ಮೇಲೆ ಏನೂ ಇಲ್ಲ ಅಂತ ಮೊದ್ಲೇ ಗೊತ್ತಿತ್ತು ಕಣಪ್ಪ,” ಎಂದರು ಕಣ್ಣು ತೆರೆಯದೆ. “ಒಗ್ಗರಣೆ ವಾಸ್ನೆನೇ ಇರ್ಲಿಲ್ಲ. ಮೇಲೆ ನಿನ್ ಕಿವಿ ಬೇರೆ.”

“ಮತ್ತೆ ಯಾಕ್ ಸಾರ್ ಬಂದ್ರಿ?”

“ಆರು ವರ್ಷದಲ್ಲಿ ಮೂರನೇ ಸಲ ಅಂತ ಕರೆದಿದ್ದು ಇವತ್ತೇ. ನಮ್ಮ ಕಡೆ ಒಂದು ಸಲ ಕರೆದ್ರೆ ಬಾಯುಪಚಾರ ಅಂತೀವಿ. ಬರೀ ಮಾತಿಗೆ ಕರೀತೀರ ಅಂದ್ಕೊಂಡಿದ್ದೆ.”

“ಅಯ್ಯೋ, ಪೂರ್ತಿ ಹೇಳಿ,” ಎಂದು ಪುಟ್ಟತಾಯಮ್ಮನವರು ಎಲ್ಲರ ಮುದ್ದೆಗೂ ತುಪ್ಪ ಬಿಡುತ್ತ ಅಂದರು. “ಮೊದಲ್ನೇ ವರ್ಷ ಏನೋ ಹಿಂಜರಿದ್ರು ಕಣವ್ವ, ಸುಳ್ಳ್ಯಾಕೆ? ನಾನೂವೆ. ಆಮೇಲೆ ನಿಮ್ಮನೆ ಸಾರಿನ ವಾಸ್ನೆ ಮೇಲಕ್ಕೆ ಬಂದಾಗ್ಲೆಲ್ಲ, ಇವತ್ತಾದ್ರೂ ಇನ್ನೊಂದ್ಸಲ ಕರೀತಾರೇನೋ ಅಂತ ಇವ್ರೇ ಬೇಗ ಬೇಗ ಇಳಿಯೋರು. ನೀವು ಒಂದೇ ಸಲಕ್ಕೆ ಬುಟ್ಬುಡ್ತಿದ್ರಿ!”

ಒಂದೇ ‘ಆಯ್ತು’. ಒಂದು ವರ್ಷ ಒಂದು ಅರ್ಥ, ಐದು ವರ್ಷ ಇನ್ನೊಂದು. ಆ ಕಡೆಯವರೂ ಎಲೆ ಕೆಳಗಿಟ್ಟು, ಈ ಕಡೆಯವರೂ ಎಲೆ ಕೆಳಗಿಟ್ಟು, ನಡುವಿನ ರಾಶಿ ಹಾಗೇ ಆರಿ ತಣ್ಣಗಾಗಿತ್ತು.

ಸಣ್ಣಮಾದಯ್ಯ ಎದ್ದರು. ಸೊಸೆಯ ಕೈಯಿಂದ ಮುದ್ದೆಯ ತಟ್ಟೆ ತೆಗೆದುಕೊಂಡು ಕೆಂಪಯ್ಯನವರ ಮುಂದೆ ಬಗ್ಗಿದರು.

“ಇನ್ನೊಂದು ಮುದ್ದೆ?”

“ಸಾಕು ಕಣಪ್ಪ.”

ಸಣ್ಣಮಾದಯ್ಯ ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಚಿಕ್ಕದು?”

“ಬ್ಯಾಡ ಬ್ಯಾಡ, ತುಂಬೋಯ್ತು.”

“ಅರ್ಧ ಆದ್ರೂ ಹಾಕಿಸ್ಕೊಳ್ಳಿ ಕೆಂಪಯ್ಯನೋರೆ.”

“ಹಾಕು ಮತ್ತೆ,” ಎಂದು ಕೆಂಪಯ್ಯನವರು ತಟ್ಟೆ ಮುಂದಕ್ಕೆ ತಳ್ಳಿದರು. ಸಣ್ಣಮಾದಯ್ಯ ಹಾಕಿದ್ದು ಅರ್ಧವಲ್ಲ, ಇಡೀ ಮುದ್ದೆ.

ನಾಗೇಂದ್ರನ ಎದೆ ಹಿಗ್ಗಿತು. ನೋಡಿ, ಎಲ್ಲ ಯಾರಿಂದ ಆದದ್ದು? ಆರು ವರ್ಷದ ಗಂಟನ್ನು ಒಂದೇ ಏಟಿಗೆ ಬಿಡಿಸಿದ ಧೀರ ಯಾರು? ಯಾರಾದರೂ ಒಂದು ಮಾತು ಹೊಗಳಬಹುದೆಂದು ಸುತ್ತಲೂ ನೋಡಿದ. ಪುಟ್ಟತಾಯಮ್ಮನವರೂ ಸುತ್ತಲೂ ನೋಡುತ್ತಿದ್ದರು. ತಟ್ಟೆ, ಪಾತ್ರೆ, ಅಡುಗೆಮನೆ ಬಾಗಿಲು.

“ನಾಗೇಂದ್ರಪ್ಪ, ನಾಟಿ ಕೋಳಿ ಅಂತ ಕೂಗಿದ್ದು ಮೇಲಕ್ಕೆ ಕೇಳಿಸ್ತಲ್ಲ. ಎಲ್ಲಪ್ಪ ಅದು?”

ಐದು ಜೊತೆ ಕಣ್ಣುಗಳು ನಾಗೇಂದ್ರನ ಮುಖಕ್ಕೆ ಹೋಗಲಿಲ್ಲ. ನೇರವಾಗಿ ಕಿವಿಗೆ ಹೋದವು.

“ಒಲೆ ಮೇಲಂತೂ ಇಲ್ಲಮ್ಮ,” ಎಂದಳು ಧರಣಿ, ತಣ್ಣಗೆ. “ಏನೋ ಬ್ಲಫ್ಫು ಅಂತಾರೆ, ಅವರನ್ನೇ ಕೇಳಿ.”

“ಬ್ಲಫ್ಫು ಅಂದ್ರೆ ಯಾವ ತಳಿ ಕೋಳಿಯಪ್ಪ?” ಎಂದರು ಕೃಷಿ ಇಲಾಖೆಯ ಕೆಂಪಯ್ಯನವರು.

ನಾಗೇಂದ್ರ ಕೈ ತೊಳೆದ. ಮಂಕಿ ಟೋಪಿಯನ್ನು ಕಿವಿಯ ಕೆಳಗಿನವರೆಗೆ ಎಳೆದುಕೊಂಡ. ಮೊಳೆಗೆ ನೇತುಹಾಕಿದ್ದ ಸ್ಕೂಟರ್ ಕೀಯನ್ನೂ ಬಾಗಿಲ ಹಿಂದಿನ ಕೋಳಿ ತರುವ ಕೈಚೀಲವನ್ನೂ ತೆಗೆದುಕೊಂಡ. “ಹಂಗಲ್ಲ ಸಾರ್, ಬ್ಲಫ್ ಅಂದ್ರೆ ಏನಪ್ಪಾ ಅಂದ್ರೆ,” ಎನ್ನುತ್ತ ಹೊಸ್ತಿಲು ದಾಟಿದ, “ಕೈಯಲ್ಲಿ ಏನೂ ಇಲ್ಲದೆ ಇದ್ದಾಗ,” ಎನ್ನುತ್ತ ಒದ್ದೆ ಸೀಟು ಒರೆಸಿದ, “ಎದುರಿನೋನು ಹೆದರಿ, ಎಲೆ ಕೆಳಗಿಟ್ಟು, ತಾನಾಗೇ ಎದ್ದು…”